ಗ್ರಿಲ್ಲಿನ ಪ್ರೋಗ್ರಾಂ ಕಾರವಾರಕ್ಕೆ ಹೋದದ್ದು

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ವೆಲ್ಡಿಂಗ್ ಕಲಿಸಿದವರು ಕಾರವಾರದ ಮೇಸ್ತ್ರಿ. ಅವರ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾರ ಮನೆಗೆ ಕಿಟಕಿ ಗ್ರಿಲ್ ಕೂರಿಸಲು ಹೋದರೂ ವೈರು, ರಾಡು, ಮೂಲೆಮಟ್ಟ, ಕೈ ಒರೆಸುವ ಬಟ್ಟೆ ಕೂಡ ನಮ್ಮ ಟೆಂಪೋದಲ್ಲೇ ಹೋಗಬೇಕು. ಮನೆಯವರ ಹತ್ತಿರ ಒಂದು ಸ್ಟೂಲು ಕೇಳಿದರೂ ಸಂಜೆ ಬೈಗುಳ ತಪ್ಪುತ್ತಿರಲಿಲ್ಲ. ಅಂಕೋಲೆಯಲ್ಲಿ ನನ್ನದೇ ಅಂಗಡಿ ಹಾಕಿದ ಮೇಲೂ ನಾನು ಆ ಕ್ರಮ ಬಿಟ್ಟಿಲ್ಲ.

ಈಗ ಅವರ ಕಣ್ಣು ಮಂಜಾಗಿದೆ. ಟೇಪು ಹತ್ತಿರ ಹಿಡಿದರೆ ಓದುತ್ತಾರೆ. ಆದರೆ ಉದ್ದದ ಸರಳನ್ನು ಎಲ್ಲೆಲ್ಲಿ ಕತ್ತರಿಸಿದರೆ ಕಡಿಮೆ ಹಾಳು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಲೆಕ್ಕ ಕಲಸಿಹೋಗುತ್ತದೆ. ಒಂದು ಮನೆಯ ಗ್ರಿಲ್ಲುಗಳು ಗಿಡ್ಡವಾದವೆಂದು ವಾಪಸ್ ಬಂದಾಗ ಶೆಡ್ ಮುಚ್ಚುತ್ತೇನೆ ಅಂದರು. ಅಷ್ಟು ಗಟ್ಟಿ ಕೈಯ ಮನುಷ್ಯ ಸುಮ್ಮನೆ ಕೂರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯನ್ನು ನಾನು ಕಲಿತಿದ್ದೆ. ಕಿಟಕಿಯ ಅಳತೆ ಕೊಟ್ಟರೆ ಸರಳು ಎಲ್ಲಿ ಕತ್ತರಿಸಬೇಕೆಂದು ಹೇಳುವ ಪ್ರೋಗ್ರಾಂ ನನ್ನ ಅಂಗಡಿಯಲ್ಲಿ ಆಗಲೇ ದುಡಿಯುತ್ತಿತ್ತು. ಅದರ ಅಂಕಿಗಳನ್ನು ಬೆರಳುದಪ್ಪ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದೆ. ಮೇಸ್ತ್ರಿಯ ಸೊಸೆ ಬಿಲ್ ಮಾಡುವ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ. ಅದನ್ನು ಓಡಿಸಲು ಬೇಕಾದ ಪೈಥಾನ್ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ, ಅಲ್ಲಿ ಅಲ್ಲ. ಅದನ್ನು ಇಲ್ಲಿ ಹಾಕಿಕೊಳ್ಳಬೇಕು ಎಂದು ವಿವರಿಸಲು ಹೊರಟೆ.

“ಎಂತಾ ತಮಾ, ಸೈಟಿಗೆ ಬಂದು ಮನೆಯವ್ರ ಹತ್ರ ಸ್ಟೂಲ್ ಕೇಳ್ತ್ಯಾ?” ಅಂದರು ಮೇಸ್ತ್ರಿ.

ಅಂಕೋಲೆಗೆ ಮರಳುವ ಬಸ್ಸು ಹಾರವಾಡ ದಾಟಿದರೂ ನನ್ನ ಕಿವಿಯ ಬಿಸಿ ಆರಿರಲಿಲ್ಲ.

ಪ್ರೋಗ್ರಾಮನ್ನೂ ಅದನ್ನು ಓಡಿಸುವ ಪೈಥಾನನ್ನೂ ಸೇರಿಸಿ ಒಂದೇ ಫೈಲಾಗಿ ಕಟ್ಟಿಕೊಡುವ ಸಾಧನವಿದೆ ಎಂದು ಹುಡುಕಿ ತಿಳಿದುಕೊಂಡೆ. ಕಟ್ಟಿದೆ, ಓಡಿತು. ಆದರೆ ಸ್ವಂತ ಅಂಗಡಿಯಲ್ಲಿ ಓಡುವುದೇನು ಮಹಾ, ಇಲ್ಲಿ ಎಲ್ಲವೂ ಕೈಗೆಟುಕುವಂತಿದೆ. ಪಕ್ಕದ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದೆ. ಅಲ್ಲಿ ಅರ್ಧಕ್ಕೇ ನಿಂತಿತು. ಸರಳುಗಳ ಅಳತೆಯ ಫೈಲು ನನ್ನ ಕಂಪ್ಯೂಟರಿನಲ್ಲೇ ಉಳಿದಿತ್ತು. ಅದನ್ನೂ ಒಳಗೆ ಹಾಕಿ ಮತ್ತೆ ಕಟ್ಟಿದೆ. ನಾನು ಬರೆದದ್ದು ನಾಲ್ಕು ಪುಟ ಇರಬಹುದು, ಕಟ್ಟಿದ ಗಂಟು ಮಾತ್ರ ಅದರ ನೂರಾರು ಪಟ್ಟು. ಇರಲಿ, ಗ್ರಿಲ್ಲಿಗಿಂತ ಟೆಂಪೋದ ಸಾಮಾನಿನ ಭಾರವೇ ಯಾವತ್ತೂ ಹೆಚ್ಚು.

ಮತ್ತೆ ಕಾರವಾರಕ್ಕೆ ಹೋದೆ. ಈ ಸಲ ಒಂದೇ ಏಟಿಗೆ ತೆರೆಯಿತು. ಮೇಸ್ತ್ರಿ ಹೊಗಳಲಿಲ್ಲ. ಒಂದು ಕಿಟಕಿಯ ಅಳತೆ ಹೇಳಿದರು, ಪರದೆಗೆ ಮುಖ ಹತ್ತಿರ ತಂದು ಉತ್ತರ ಓದಿದರು, ಕಣ್ಣು ಮುಚ್ಚಿ ತುಟಿ ಆಡಿಸುತ್ತ ತಾವೇ ಲೆಕ್ಕ ಹಾಕಿದರು.

“ನೀ ಹೋದ್ಮೇಲೂ ಇದು ಹೇಳ್ತದಾ?”

“ಹೌದು ಮೇಸ್ತ್ರಿ. ಎಲ್ಲಾ ಒಳಗೇ ಅದೆ.”

ಅವರು ಎದ್ದು ಹೋಗಿ ಕಟಿಂಗ್ ಮಷೀನಿನ ಮೇಲಿನ ಗೋಣಿ ತೆಗೆದರು. ಹೊಸ ಸರಳಿನ ಒಂದು ತುದಿ ಎತ್ತಿ, ಇನ್ನೊಂದನ್ನು ಹಿಡಿಯಲು ನನಗೆ ಕಣ್ಸನ್ನೆ ಮಾಡಿದರು. ಕೈಗೆ ಗ್ಲೌಸ್ ಬೇಕಿತ್ತು. ಕೇಳಲಿಲ್ಲ, ನನ್ನ ಚೀಲದಲ್ಲೇ ಇತ್ತು.