ಎರಡು ಸಲ ನೋಡುವವರು

ವೀಕ್ಷಣಾಲಯದ ಈ ಹಿರಿಯ ವಿಜ್ಞಾನಿ ಯಾವುದನ್ನೂ ಒಂದೇ ಸಲ ನೋಡಿ ನಂಬಿದವರಲ್ಲ. ನಕ್ಷತ್ರವನ್ನು ಇವತ್ತು ನೋಡಿ, ಭೂಮಿ ಸೂರ್ಯನ ಆಚೆ ಬದಿಗೆ ಹೋದಾಗ, ಅಂದರೆ ಆರು ತಿಂಗಳ ಮೇಲೆ, ಮತ್ತೆ ನೋಡುತ್ತಾರೆ. ಅದು ಕೂದಲೆಳೆಯಷ್ಟು ಸರಿದಂತೆ ಕಂಡರೆ ಸಾಕು, ಅದರಿಂದಲೇ ದೂರದ ಲೆಕ್ಕ ಹಾಕುತ್ತಾರೆ. ಚಪ್ಪಲಿ ಆರಿಸುವಾಗಲೂ ಇದೇ ವರಸೆ. “ಅಷ್ಟರಲ್ಲಿ ನಿಮ್ಮ ಪಾದವೇ ಸವೆದುಹೋಗಿರುತ್ತೆ ಕಣ್ರೀ,” ಎಂದು ಹೆಂಡತಿ ಹಂಗಿಸುತ್ತಾರೆ. ಮೊನ್ನೆ ದೂರದರ್ಶಕದ ಮಸೂರ ಬಿರುಕುಬಿಟ್ಟಿತು. ಪಕ್ಕದಲ್ಲಿ ಪೊರಕೆ ಕಂಡದ್ದೇ ತಡ, ಕಸ ಗುಡಿಸುವಾಕೆಯನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ಮೇಲಿನವರು ಎಲ್ಲರ ಸಹಿ ಹಾಕಿಸತೊಡಗಿದರು. ಅವಳನ್ನು ಒಂದು ಮಾತು ಕೇಳಬೇಕೆಂದು ಆ ಮಹಾವಿಜ್ಞಾನಿಗಳಿಗೆ ಅನ್ನಿಸಲೇ ಇಲ್ಲ. ಇವರು ಮಾತ್ರ ಸಹಿ ಹಾಕದೆ ಪೆನ್ನು ಮುಚ್ಚಿದರು. ಮೇಜು ಸುತ್ತಿಕೊಂಡು ಹೋಗಿ, ಬಾಗಿಲ ಬಳಿ ಕಣ್ಣೊರೆಸುತ್ತಿದ್ದ ಅವಳ ಪಕ್ಕ ನಿಂತರು. “ಹೇಳಮ್ಮ, ನಿನಗೆ ಏನು ಕಾಣಿಸ್ತು?”