ಇಬ್ಬರಿಗೆ ಒಂದೇ ಚೀಲ

ಇವತ್ತು ಬೆಳಿಗ್ಗೆ ತರಬೇತಿ ಕೋಣೆಯ ಬಾಗಿಲು ತೆರೆದಾಗ ಗೋಣಿಚೀಲದ ವಾಸನೆ ಬಡಿಯಿತು. ಚೀಲ ತರಿಸಿದ್ದು ನಾನೇ. ಆದರೂ ಆ ವಾಸನೆಗೆ ನೆನಪಾಗುವುದು ಮೊದಲು ರೈಟರ್ ಕುಶಾಲಪ್ಪನವರು, ಆಮೇಲೆ ಕೆಂಪಿರುವೆ.

ನನ್ನ ಕೆಲಸವನ್ನು ವಿವರಿಸುವುದು ಕಷ್ಟ. ದೇಶವಿದೇಶದ ಕಂಪನಿಗಳ ಮ್ಯಾನೇಜರುಗಳು ಶ್ರೀಮಂಗಲದ ಹತ್ತಿರದ ಈ ರಿಸಾರ್ಟಿಗೆ ಬರುತ್ತಾರೆ. ಜಗಳ ಬಗೆಹರಿಸುವುದು ಹೇಗೆಂದು ನಾನು ಅವರಿಗೆ ಮೂರು ದಿನ ಕಲಿಸುತ್ತೇನೆ. "ಜಗಳ ಬಿಡ್ಸೋಕೂ ಎಂ.ಎ. ಬೇಕೇನೇ?" ಎಂದು ಸೋಮವಾರಪೇಟೆಯ ದೊಡ್ಡಮ್ಮ ಕೇಳಿದ್ದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಯಾರಾದರೂ ದನಿ ಎತ್ತಿದರೆ ಹಾಗೆ ಮಾಡುವುದು ನನ್ನ ಅಭ್ಯಾಸ. ಅಂಥವಳು ಈ ವಿದ್ಯೆ ಕಲಿಸುವುದೇ ಎಂದು ನೀವು ನಗಬಹುದು. ನಗಿ.

ನಾಲ್ಕು ವರ್ಷದ ಹಿಂದಿನ ನನ್ನ ಮೊದಲ ತಂಡದಲ್ಲಿ ಒಂದೇ ಕಂಪನಿಯ ಇಬ್ಬರಿದ್ದರು: ಜರ್ಮನಿಯ ಕ್ಲಾಸ್ ಎಂಬವರು, ಸಿಂಗಪುರದ ಶ್ರೀಮತಿ ಲಿಮ್. ಇಬ್ಬರೂ ಸೇರಿ ಮಾಡಬೇಕಾದ ಯೋಜನೆ ತಿಂಗಳುಗಟ್ಟಲೆ ಸಹಿಯಿಲ್ಲದೆ ಬಿದ್ದಿತ್ತು. "ಅವರಿಬ್ರನ್ನ ಒಂದು ಮಾಡಿದ್ರೆ ನಿನ್ನ ಕೆಲಸ ಕಾಯಂ. ಇಲ್ದಿದ್ರೆ ಬೇರೆ ನೋಡ್ಕೋಮ್ಮ" ಎಂದು ನಮ್ಮ ನಿರ್ದೇಶಕರು ಮೊದಲೇ ಹೇಳಿದ್ದರು. ಎರಡು ದಿನ ನನ್ನ ಐದು ಹಂತದ ಸೂತ್ರ ಕಲಿಸಿದೆ. ಫಲ ಸಿಕ್ಕಿತು. ಅದುವರೆಗೆ ನೇರವಾಗಿ ಜಗಳವಾಡುತ್ತಿದ್ದವರು "ನಿಮ್ಮ ಭಾವನೆಗಳನ್ನು ಗೌರವಿಸುತ್ತೇನೆ" ಎಂದು ಶುರುಮಾಡಿ ಜಗಳವಾಡತೊಡಗಿದರು.

ಮೂರನೆಯ ದಿನ ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ವಿನೋದ. ಅಲ್ಲಿ ಕೊಯ್ಲಿನವರಿಗೆ ಸಾಲು ಹಂಚಿ ಕೆಲಸ ನೋಡಿಕೊಳ್ಳುವ ರೈಟರ್ ಕುಶಾಲಪ್ಪನವರು. ಎಲ್ಲರಿಗೂ ಒಂದೊಂದು ಸಾಲು ಗಿಡ, ಒಂದೊಂದು ಚೀಲ ಕೊಟ್ಟರು. ಐದೇ ನಿಮಿಷಕ್ಕೆ ಲಿಮ್ ಅವರ ಸಾಲಿನಲ್ಲಿ ಹಣ್ಣು ಜಾಸ್ತಿ ಎಂದು ಕ್ಲಾಸ್ ತಕರಾರು ತೆಗೆದರು.

"ಎಂತಂತೆ ಅವಂದು?" ಎಂದರು ಕುಶಾಲಪ್ಪ. ಹೇಳಿದೆ.

"ಇಷ್ಟೆಯಾ? ನಮ್ಮ ಲೈನ್‌ಮನೆ ಆಳುಗಳದ್ದೂ ದಿನಾ ಇದೇ ಕತೆ." ಇಬ್ಬರ ಚೀಲವನ್ನೂ ಕಿತ್ತುಕೊಂಡು ಒಂದನ್ನು ಮಾತ್ರ ನಡುವೆ ಎಸೆದರು. "ಒಂದೇ ಸಾಲು, ಆಚೆಗೊಬ್ರು ಈಚೆಗೊಬ್ರು. ಚೀಲ ತುಂಬದೆ ಊಟ ಇಲ್ಲ. ಹೊತ್ಕೊಂಡು ಬರೋದೂ ಇಬ್ರೇ. ಹೇಳಿ ಮೇಡಂ, ಇಂಗ್ಲಿಷಲ್ಲಿ."

ಹೇಳಿದೆ, ಎರಡು 'ದಯವಿಟ್ಟು' ಸೇರಿಸಿ. ಆಮೇಲೆ ಮೆಲ್ಲಗೆ ಕೇಳಿದೆ: "ಇದ್ರಿಂದ ರಾಜಿ ಆಗ್ತಾರಾ?"

"ಎಂತ ರಾಜಿ! ಇಬ್ರೂ ಸೇರಿ ನಂಗೆ ಬೈತಾರೆ. ಬೈಲಿಕ್ಕೆ ಒಟ್ಟಿಗೆ ಕೂರ್ಬೇಕಲ್ಲ? ಬೈದು ಮುಗಿಯುವಾಗ ಅವರ ಜಗಳ ಎಂತಕ್ಕೆ ಅಂತ್ಲೇ ಮರ್ತಿರ್ತದೆ."

"ನಿಮ್ಗೆ ಬೇಜಾರಾಗಲ್ವಾ?"

"ಸಂಬಳ ಮತ್ತೆಂತಕ್ಕೆ ಮೇಡಂ?"

ಮಧ್ಯಾಹ್ನದ ಹೊತ್ತಿಗೆ ಕ್ಲಾಸ್ ಅವರ ಕಾಲರಿನೊಳಗೆ ಕೆಂಪಿರುವೆ ಇಳಿದಿತ್ತು. ಲಿಮ್ ತಮ್ಮ ಟೋಪಿಯಿಂದ ಅವರ ಬೆನ್ನು ಬಡಿಯುತ್ತಿದ್ದರು, ಬೇಕಾದದ್ದಕ್ಕಿಂತ ಕೊಂಚ ಜೋರಾಗಿಯೇ. ಚೀಲದ ಎರಡು ತುದಿ ಹಿಡಿದು ಏದುಸಿರು ಬಿಡುತ್ತ ಕಾಫಿ ಒಣಗಿಸುವ ಕಣಕ್ಕೆ ಬಂದರು. ಕುಶಾಲಪ್ಪನವರನ್ನು ಬೈಯಲು ಅವರ ಭಾಷೆ ಬಾರದು. ಇಬ್ಬರೂ ನನ್ನತ್ತ ತಿರುಗಿದರು.

ಸಂಜೆ ನಿರ್ದೇಶಕರಿಗೆ ಒಂದು ದೂರು ಹೋಯಿತು. ತರಬೇತುದಾರಳು ಊಟ ತಡೆದಳು, ಇರುವೆಗಳ ಬಗ್ಗೆ ಎಚ್ಚರಿಸಲಿಲ್ಲ, ಇತ್ಯಾದಿ. ಅಚ್ಚುಕಟ್ಟಾದ ಬರಹ, ಜರ್ಮನಿಯ ಶಿಸ್ತು, ಸಿಂಗಪುರದ ವಿನಯ. ಕೆಳಗೆ ಅಕ್ಕಪಕ್ಕದಲ್ಲಿ ಎರಡು ಸಹಿ. ಮುಂದಿನ ವಾರ ಯೋಜನೆಗೂ ಅದೇ ಎರಡು ಸಹಿ ಬಿತ್ತು. ನನ್ನ ಕೆಲಸ ಕಾಯಂ ಆಯಿತು. ದೂರು ನನ್ನ ಕಡತದಲ್ಲಿ ಭದ್ರವಾಗಿದೆ.

ಆದರೆ ನನ್ನಲ್ಲಿ ಉಳಿದಿರುವುದು ಆ ದಿನದ ಊಟದ ಹೊತ್ತು. ಕೊಯ್ಲಿನ ಹೆಂಗಸರು ಗುಂಪಾಗಿ ಕೂತು ಕುಶಾಲಪ್ಪನವರ ನಡಿಗೆಯನ್ನು ಅಣಕಿಸಿ ನಗುತ್ತಿದ್ದರು. ಅವರು ಜೀಪಿನ ಮೆಟ್ಟಿಲ ಮೇಲೆ ಒಬ್ಬರೇ ಕೂತು, ಬೆನ್ನು ತಿರುಗಿಸಿ, ಬುತ್ತಿ ಬಿಚ್ಚಿದ್ದರು. ಪಾಪ ಅನ್ನಿಸಿತ್ತು.

ಈಗ ಮಧ್ಯಾಹ್ನ. ಇಂದಿನ ತಂಡದಲ್ಲಿ ಎರಡು ದಿನ ಪರಸ್ಪರ ಮುಖ ನೋಡದೆ ಕೂತಿದ್ದ ಇಬ್ಬರು, ನಾನು ಕೊಟ್ಟ ಒಂದೇ ಚೀಲ ತುಂಬಿ ತಂದು ಇಳಿಸಿ, ಒಂದೇ ಬೆಂಚಿನಲ್ಲಿದ್ದಾರೆ. ನಾನು ಕಣದ ಮೆಟ್ಟಿಲ ಮೇಲೆ ಒಬ್ಬಳೇ. ಹಿಂದಿನಿಂದ ಜೋರು ನಗು ಬಂತು. ತಿರುಗಿದರೆ ಒಬ್ಬಾತ ಇಲ್ಲದ ಕನ್ನಡಕವನ್ನು ತೆಗೆದು ಒರೆಸಿ ತೋರಿಸುತ್ತಿದ್ದಾನೆ. ಇನ್ನೊಬ್ಬಾತ ಅವನ ಭುಜ ಹಿಡಿದು ನಗುತ್ತಿದ್ದಾನೆ.

ನನ್ನ ಕೈ ಕನ್ನಡಕದವರೆಗೆ ಹೋಗಿ ವಾಪಸು ಬಂತು. ಬುತ್ತಿ ಬಿಚ್ಚಿದೆ. ಹೊಟ್ಟೆ ಚೆನ್ನಾಗಿ ಹಸಿದಿತ್ತು.