ಪರದೆ ಕಂಪನಿ ತೀರಿಕೊಂಡ ಸಂಜೆ

ಆಗ ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ರೈಲು ನಿಲ್ದಾಣದ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಸಾಂಟಾ ಕ್ಲಾರಾದಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೆ. ನನ್ನ ಗಂಡ ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಹೊಸ ಕಂಪನಿಯೊಂದರಲ್ಲಿದ್ದರು. ಡಾಟ್-ಕಾಂ ದಿನಗಳಲ್ಲಿ ಇದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಬಟ್ಟೆಯನ್ನು ಮುಟ್ಟಿ ನೋಡದೆ ಪರದೆ ಯಾರು ಕೊಳ್ಳುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. "ನಿನಗ ಬಿಸಿನೆಸ್ ಮಾಡೆಲ್ ತಿಳಿಯೂದಿಲ್ಲ ಬಿಡು" ಎಂದಿದ್ದರು. ಅವರು ಹುಬ್ಬಳ್ಳಿಯವರು, ನಾನು ಬೆಂಗಳೂರಿನವಳು. ಅವರು 'ಬಿಡು' ಅಂದರೆ ಮಾತು ಮುಗಿಯಿತು ಎಂದರ್ಥ ಎಂಬುದು ಮದುವೆಯಾದ ಹೊಸದರಲ್ಲೇ ನನಗೆ ಗೊತ್ತಾಗಿತ್ತು.

ಎರಡು ವರ್ಷ ಶನಿವಾರ ಭಾನುವಾರಗಳೆನ್ನದೆ ದುಡಿದ ಮೇಲೆ ಅವರಿಗೆ ಹತ್ತು ದಿನ ರಜೆ ಸಿಕ್ಕಿತು. ಗ್ರೀಸಿನ ದ್ವೀಪಗಳಿಗೆ ಹೋಗುವುದೆಂದು ಇಬ್ಬರೂ ಒಪ್ಪಿದೆವು. ಯಾವ ದ್ವೀಪ ಎಂಬಲ್ಲಿ ಜಗಳವಾಯಿತು. ಅವರಿಗೆ ಎಲ್ಲರೂ ಹೋಗುವ ಸಾಂಟೊರಿನಿಯೇ ಆಗಬೇಕು. ನನಗೆ ಯಾರೂ ಹೋಗದ ಜಾಗ ಬೇಕು. ಫ್ರೀವೇ ಸದ್ದು, ಅವರ ಪೇಜರಿನ ಸದ್ದು, ಮೇಲಿನ ಮನೆಯವರ ಟ್ರೆಡ್‌ಮಿಲ್ಲಿನ ಸದ್ದು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಕೊನೆಗೆ ಅರ್ಧ ರಜೆ ಅವರ ದ್ವೀಪದಲ್ಲಿ, ಅರ್ಧ ರಜೆ ನನ್ನ ದ್ವೀಪದಲ್ಲಿ ಎಂದು ರಾಜಿಯಾಯಿತು. ನಕ್ಷೆಯಲ್ಲಿ ಸಾಸಿವೆಯಷ್ಟು ಕಂಡ ಸ್ಕಿನೂಸಾ ಎಂಬುದನ್ನು ನಾನು ಬೆರಳಿಟ್ಟು ಆರಿಸಿದೆ.

ಸಾಂಟೊರಿನಿಯಲ್ಲಿ ಜನವೋ ಜನ. ಸೂರ್ಯಾಸ್ತ ನೋಡಲು ಅವರು ಒಂದು ಪಟ್ಟಿಯನ್ನೇ ಪ್ರಿಂಟು ತೆಗೆದುಕೊಂಡು ಬಂದಿದ್ದರು: ಯಾವ ಗೋಡೆಯ ಮೇಲೆ, ಎಷ್ಟು ಹೊತ್ತಿಗೆ ಕೂರಬೇಕು ಎಂದು. ಅದೇ ಗೋಡೆಗೆ ಅದೇ ಹೊತ್ತಿಗೆ ಇನ್ನೂರು ಜನ ಬಂದಿದ್ದರು. ಒಬ್ಬ ಜರ್ಮನ್ ಮಹಿಳೆಯ ದೊಡ್ಡ ಟೋಪಿಯ ಹಿಂದೆ ಸೂರ್ಯ ಮುಳುಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಾಕ ಚಪ್ಪಾಳಿ? ದಿನಾ ಮುಳುಗತಾನ್ ಅಂವ" ಎಂದು ಇವರು ಸಿಡುಕಿದರು.

ನಾನು ಮಾತ್ರ ಜೋರಾಗಿಯೇ ತಟ್ಟಿದೆ. ವಿಚಿತ್ರವೆಂದರೆ ಆ ಗದ್ದಲ ನನಗೆ ಬಹಳ ಹಿಡಿಸಿಬಿಟ್ಟಿತು. ಸಂದಿಗೊಂದಿಗಳಲ್ಲಿ ಬೆಳ್ಳಿ ಓಲೆಗಳ ಅಂಗಡಿ, ತಳ್ಳಾಡುವ ಜನ, ಕತ್ತೆಗಳು, ಕತ್ತೆಗಳಿಗೆ ದಾರಿ ಬಿಡದ ಜನ! ಚಿಕ್ಕಪೇಟೆ ನೆನಪಾಯಿತು. ಇವರು ಎರಡನೆಯ ದಿನವೇ ಒಂದು ಇಂಟರ್ನೆಟ್ ಕೆಫೆ ಹುಡುಕಿಕೊಂಡು ಒಳಗೆ ಕೂತುಬಿಟ್ಟರು. ಹೊರಗೆ ಸಮುದ್ರ ಅಷ್ಟು ನೀಲಿಯಾಗಿದ್ದರೂ ಇವರು ಕಂಪನಿಯ ಸೈಟಿನಲ್ಲಿ ಪರದೆಯ ನೀಲಿ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡುತ್ತಿದ್ದರು.

ಆರನೆಯ ದಿನ ಎರಡು ಹಡಗು ಬದಲಿಸಿ ಸ್ಕಿನೂಸಾ ಸೇರಿದೆವು. ಕೆಳಗೆ ಪುಟ್ಟ ಬಂದರು, ಗುಡ್ಡದ ಮೇಲೆ ಊರು. ಊರೆಂದರೆ ಒಂದು ಬೀದಿ, ಒಂದು ಚರ್ಚು, ಮುದುಕರು ಕೂರುವ ಒಂದು ಕಾಫಿ ಅಂಗಡಿ ಮತ್ತು ಒಬ್ಬ ಅಜ್ಜಿಯ ದಿನಸಿ ಅಂಗಡಿ. ಹಡಗಿನ ಟಿಕೆಟ್ಟು, ಬೇಳೆ, ಸೀಮೆಎಣ್ಣೆ, ಅಂಚೆ ಚೀಟಿ, ಎಲ್ಲವೂ ಅಜ್ಜಿಯ ಹತ್ತಿರವೇ. ಹೊರಗಿನವರಿಗೆ ಸಿಗುವ ಫೋನೂ ಅಲ್ಲಿ ಮಾತ್ರ.

ನಾನು ಕೇಳಿದ ಶಾಂತಿ ಅಲ್ಲಿ ಬೇಕಾದಷ್ಟಿತ್ತು. ಮೊದಲ ದಿನ ಮೈಮರೆತೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಬೇಳೆಯ ಚೀಲಗಳನ್ನು ಎಣಿಸುತ್ತಿದ್ದೆ. ನೋಡಲು ಏನೂ ಇಲ್ಲ, ಕೊಳ್ಳಲು ಏನೂ ಇಲ್ಲ, ಮೇಕೆಯ ಕೊರಳ ಗಂಟೆ ಬಿಟ್ಟರೆ ಕೇಳಲೂ ಏನೂ ಇಲ್ಲ. ಆದರೆ ಹಟ ಮಾಡಿ ಕರೆತಂದವಳು ನಾನು. "ಆಹಾ, ಎಷ್ಟು ಹಾಯಾಗಿದೆ ಅಲ್ವೇನ್ರೀ?" ಎನ್ನುತ್ತ ಆಕಳಿಕೆ ನುಂಗಿಕೊಳ್ಳುತ್ತಿದ್ದೆ.

ಇವರಿಗೆ ಮಾತ್ರ ಪುರುಸೊತ್ತೇ ಇರಲಿಲ್ಲ. ಬಂದ ದಿನವೇ ಅಜ್ಜಿಯ ಅಂಗಡಿಯಿಂದ ಆಫೀಸಿಗೆ ಫೋನು ಮಾಡಿ, ಆ ನಂಬರು ಕೊಟ್ಟುಬಿಟ್ಟಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಬೆಳಗಾದರೆ ಅಲ್ಲಿ ಸಂಜೆ. ಸರಿಯಾಗಿ ನಾವು ಕಡಲಿಗಿಳಿದ ಹೊತ್ತಿಗೆ ಗುಡ್ಡದ ಮೇಲೆ ಫೋನು ಬರುತ್ತಿತ್ತು. ಅಜ್ಜಿ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದಳು. ಆ ಕೂಗನ್ನು ಕೆಳಗಿನ ಮನೆಯವಳು ಹಿಡಿದು ಮುಂದಕ್ಕೆ ದಾಟಿಸುತ್ತಿದ್ದಳು. ಕೊನೆಗೆ ಬಲೆ ಹೊಲಿಯುತ್ತ ಕೂತ ಮೀನುಗಾರ ನೀರಿನತ್ತ ತಿರುಗಿ, "ಇಂದೋಸ್! ತಿಲೇಫೊನೊ!" ಎನ್ನುತ್ತಿದ್ದ. ಇಂಡಿಯದವನೇ, ನಿನಗೆ ಫೋನು ಎಂದು. ಇವರು ಒದ್ದೆ ಚಡ್ಡಿಯಲ್ಲೇ ಗುಡ್ಡ ಹತ್ತಿ ಓಡುತ್ತಿದ್ದರು. ಎರಡನೆಯ ಸಂಜೆಯ ಹೊತ್ತಿಗೆ ಕಾಫಿ ಅಂಗಡಿಯ ಮುದುಕರು ಕುರ್ಚಿಗಳನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂತಿದ್ದರು. ಒಬ್ಬಾತ ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

"ಅವರ ಎದುರಿಗೆ ಹೀಗೆ ಓಡೋದು ಚೆನ್ನಾಗಿರತ್ತಾ?" ಎಂದೆ.

"ಏ, ಅವ್ರು ಭಾಳ ಛಲೋ ಮಂದಿ. ನಿನ್ನೆಗಿಂತ ಇವತ್ತ ಲಗೂನ ಬಂದಿ ಅಂತ ಶಭಾಸ್‌ಗಿರಿ ಕೊಟ್ರು" ಎಂದು ಏದುಸಿರು ಬಿಟ್ಟರು.

ಮೂರನೆಯ ಸಂಜೆ ಇವರು ಆ ಮೀನುಗಾರನ ದೋಣಿಯಲ್ಲಿ ಬಲೆ ಹಾಕಲು ಹೋದರು. ಫೋನು ಬಂದಾಗ ಹತ್ತಿರದಲ್ಲಿದ್ದವಳು ನಾನೊಬ್ಬಳೇ. ಆ ತುದಿಯಲ್ಲಿ ಅವರ ಆಫೀಸಿನ ರಿಸೆಪ್ಷನ್ ಹುಡುಗಿ. ಬಿಕ್ಕುತ್ತ ಇಂಗ್ಲಿಷಿನಲ್ಲಿ ಹೇಳಿದಳು: ಇವತ್ತು ಬೆಳಗ್ಗೆ ಕಂಪನಿ ಮುಚ್ಚಿದೆ, ಎಲ್ಲರನ್ನೂ ಮನೆಗೆ ಕಳಿಸಿದ್ದಾರೆ, ನಿಮ್ಮ ಗಂಡನ ಮೇಜಿನ ಮೇಲಿನ ಮನಿ ಪ್ಲಾಂಟನ್ನು ನಾನು ಒಯ್ಯಲೇ? "ಒಯ್ಯಮ್ಮ" ಎಂದು ಕನ್ನಡದಲ್ಲೇ ಹೇಳಿ ಫೋನಿಟ್ಟೆ. ಗ್ರೀನ್ ಕಾರ್ಡು ಬಂದಾಗಿದ್ದರಿಂದ ದೇಶ ಬಿಡುವ ಭಯವಿರಲಿಲ್ಲ. ಆದರೂ ಅಲ್ಲೇ ಬೇಳೆ ಚೀಲದ ಮೇಲೆ ಕೂತುಬಿಟ್ಟೆ. ಎರಡು ವರ್ಷ ಆ ಮನುಷ್ಯ ಊಟ ನಿದ್ದೆ ಬಿಟ್ಟು ಕಟ್ಟಿದ ಕಂಪನಿ! ಕಣ್ಣಲ್ಲಿ ನೀರು ಬಂತು.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹತ್ತಿರ ಬಂದು ನನ್ನ ತಲೆಯನ್ನು ಎದೆಗೊತ್ತಿಕೊಂಡು, "ಮಾನಾ?" ಎಂದು ಮೆಲ್ಲಗೆ ಕೇಳಿದಳು. ಅದು ಗ್ರೀಕಿನಲ್ಲಿ 'ತಾಯಿ' ಎಂದು ನನಗೆ ಹೇಗೆ ಗೊತ್ತಾಗಬೇಕು? ಏನೋ ಸಮಾಧಾನದ ಮಾತಿರಬೇಕೆಂದುಕೊಂಡು ಹೌದೆಂದು ತಲೆಯಾಡಿಸಿದೆ. ಇವರಿಗೆ ಬಂದ ಫೋನಾದ್ದರಿಂದ ತೀರಿಕೊಂಡದ್ದು ಇವರ ತಾಯಿಯೇ ಎಂದು ತಿಳಿದ ಅವಳು ಶಿಲುಬೆಯ ಗುರುತು ಮಾಡಿಕೊಂಡು, ಮೆಟ್ಟಿಲಿಗೆ ಹೋಗಿ ಏನೋ ಕೂಗಿದಳು. ಈ ಸಲದ ಕೂಗು ಬೇರೆ ಥರ ಇತ್ತು.

ನಾನು ಗುಡ್ಡ ಇಳಿಯುವಷ್ಟರಲ್ಲಿ ಅರ್ಧ ಊರು ಬಂದರಿನಲ್ಲಿತ್ತು. ಮುದುಕರು ಟೋಪಿ ತೆಗೆದು ಸಾಲಾಗಿ ನಿಂತಿದ್ದರು. ಹೆಂಗಸರು ತಟ್ಟೆಯಲ್ಲಿ ಪುಟ್ಟ ಲೋಟಗಳ ಕಾಫಿ, ಒಣ ಬ್ರೆಡ್ಡು, ಒಂದು ಬಾಟಲಿ ಬ್ರಾಂದಿ ತಂದಿದ್ದರು. ಸಾವಿನ ಮನೆಯವರಿಗೆ ಅವರಲ್ಲಿ ಕೊಡುವುದು ಅದನ್ನೇ ಎಂದು ಆಮೇಲೆ ತಿಳಿಯಿತು.

ದೋಣಿ ಬಂತು. ಇವರು ನಗುತ್ತ ಕೈಬೀಸಿದರು. ಯಾರೂ ಕೈಬೀಸಲಿಲ್ಲ. ಇವರು ಇಳಿದೊಡನೆ ಪಾದ್ರಿ ಬಂದು ತಬ್ಬಿಕೊಂಡರು. ಅಜ್ಜಿ ಕೆನ್ನೆ ಸವರಿದಳು. ಕೈಗಡಿಯಾರದ ಮುದುಕ ಬ್ರಾಂದಿ ಲೋಟ ಕೈಗಿತ್ತ. ಇವರ ಮುಖ ಬಿಳುಚಿಕೊಂಡಿತು. ಜನರ ನಡುವೆ ನನ್ನನ್ನು ಹುಡುಕಿ ಕೂಗಿದರು.

"ಏನಾತ? ಯಾರ ಹೋದ್ರು? ನಮ್ಮವ್ವ ಆರಾಮ ಅದಾಳೋ ಇಲ್ಲೋ?"

"ಅತ್ತೆ ಚೆನ್ನಾಗಿದ್ದಾರೆ! ಯಾರೂ ಹೋಗಿಲ್ಲ ಕಣ್ರೀ. ಕಂಪನಿ ಹೋಯ್ತು."

"ಯಾವ ಕಂಪನಿ?"

"ನಿಮ್ದೇ. ಪರದೆ ಕಂಪನಿ. ಬೆಳಗ್ಗೆ ಮುಚ್ಚಿದ್ರಂತೆ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಕೈಯಲ್ಲಿದ್ದ ಲೋಟವನ್ನು ನೋಡಿದರು, ಟೋಪಿ ತೆಗೆದ ಮುದುಕರನ್ನು ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಬಾಯಿ ತೆರೆಯಿತು. ದಡದ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತಾಯಿ ಸತ್ತ ಸುದ್ದಿಗೆ ನಗುವ ಮಗನನ್ನು ಕಂಡು ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಪಾದ್ರಿ ಸಮುದ್ರದ ಕಡೆ ಮುಖ ತಿರುಗಿಸಿದರು.

ಊರಲ್ಲಿ ಒಬ್ಬ ಹಳೆಯ ನಾವಿಕನಿದ್ದ. ಮುಂಬಯಿ ಬಂದರನ್ನೂ ಕಂಡವನಂತೆ. ಅವನ ಹರಕು ಮುರುಕು ಇಂಗ್ಲಿಷಿಗೆ ಎಟುಕುವಂತೆ ನಾನು ವಿವರಿಸಿದೆ: ತಾಯಿ ಬದುಕಿದ್ದಾರೆ, ಸತ್ತದ್ದು ಕೆಲಸ. ಅವನು ಜನರಿಗೆ ಹೇಳಿದ. ಒಂದು ದೊಡ್ಡ ಚರ್ಚೆಯೇ ನಡೆಯಿತು. ನಾನು ಹೆದರಿದೆ, ಸುಳ್ಳು ಸೂತಕ ಹೂಡಿದಳೆಂದು ಬೈಯುತ್ತಾರೇನೋ ಎಂದು. ಕೊನೆಗೆ ನಾವಿಕ ನಮ್ಮತ್ತ ತಿರುಗಿ ತೀರ್ಪು ಹೇಳಿದ: "ಕಾಫಿ ಮಾಡಿ ಆಗಿದೆ. ಕುಡಿಯೋಣ."

ಬಂದರಿನಲ್ಲೇ ಬೆಂಚುಗಳು ಬಂದವು, ಅಂದು ಹಿಡಿದ ಮೀನು ಬೆಂದಿತು, ಮೀನು ತಿನ್ನದ ನಮ್ಮಿಬ್ಬರಿಗೆ ಈರುಳ್ಳಿ ಹಾಕಿದ ಬೇಳೆ ಬಂತು. ಪ್ರತಿಯೊಬ್ಬರೂ ಇವರ ಲೋಟಕ್ಕೆ ಲೋಟ ತಾಗಿಸಿ, ಹೋದ ಕಂಪನಿಯ ಬಗ್ಗೆ ಗೌರವದಿಂದ ಕೇಳಿದರು. ಅದು ಏನು ಮಾರುತ್ತಿತ್ತು ಎಂದು ನಾವಿಕ ವಿಚಾರಿಸಿದ. ಪರದೆ, ಜನ ಕಂಪ್ಯೂಟರಿನಲ್ಲೇ ನೋಡಿ ಕೊಳ್ಳುತ್ತಿದ್ದರು ಎಂದೆವು. ಅವನು ಅದನ್ನು ಜನರಿಗೆ ತಿಳಿಸಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಮುಟ್ಟಿ ನೋಡದೆ?"

ಇವರು ನನ್ನ ಕಡೆ ನೋಡಲಿಲ್ಲ. ನಾನು ಬೇಳೆಯ ತಟ್ಟೆಯನ್ನು ಇವರ ಮುಂದಕ್ಕೆ ಸರಿಸಿದೆ.

ಉಳಿದ ಎರಡು ದಿನ ಫೋನು ಬರಲಿಲ್ಲ. ಇವರು ಮಧ್ಯಾಹ್ನವೂ ಮಲಗಿದರು, ಸಂಜೆಯೂ ಮಲಗಿದರು. ಸನ್ನಿವೇಲ್‌ಗೆ ಮರಳಿದ ಮೇಲೆ ನಾಲ್ಕು ತಿಂಗಳು ಮನೆಯಲ್ಲಿದ್ದರು. ಆ ನಾಲ್ಕು ತಿಂಗಳು ಸುಲಭವೇನೂ ಆಗಿರಲಿಲ್ಲ. ಒಂದೊಂದು ಇಂಟರ್‌ವ್ಯೂಗೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಬಾಡಿದ ಮುಖದಲ್ಲಿ ಬರುತ್ತಿದ್ದರು. ಕಡೆಗೆ ಲಾಸ್ ಗ್ಯಾಟೋಸ್‌ನ ಒಂದು ಸಣ್ಣ ಕಂಪನಿಯಲ್ಲಿ, ಹಿಂದಿನ ಕೆಲಸ ಹೋದದ್ದು ಹೇಗೆ ಎಂದು ಕೇಳಿದರಂತೆ. ಇವರು ದೋಣಿ, ಪಾದ್ರಿ, ಬ್ರಾಂದಿ ಎಲ್ಲವನ್ನೂ ಹೇಳಿದರು. ಕೇಳುತ್ತಿದ್ದ ಮೂವರೂ ನಕ್ಕು ನಕ್ಕು, ಬೋರ್ಡಿನ ಮೇಲೆ ಬರೆದಿಟ್ಟ ಲೆಕ್ಕ ಬಿಡಿಸಲು ಹೇಳುವುದನ್ನೇ ಮರೆತರಂತೆ.

"ಲೆಕ್ಕಾ ಕೊಟ್ಟಿದ್ರ ಬಿಡಸ್ತಿದ್ನಿ" ಎಂದು ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸ್ವಲ್ಪ ಬೇಸರದಿಂದಲೇ ಹೇಳಿದರು. ಮುಂದಿನ ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದ್ದರು.